ಮೂರನೆಯ ಕೀಲಿಯ ಧರ್ಮ

ಪರಸ್ಪರ ಮುಖಪರಿಚಯವಿಲ್ಲದ ಇಬ್ಬರ ನಡುವೆ ನಿಂತು, ಒಬ್ಬನ ಬಿಟ್‌ಕಾಯಿನ್ನೂ ಇನ್ನೊಬ್ಬನ ಹಣವೂ ಕ್ಷೇಮವಾಗಿ ಕೈ ಬದಲಿಸುವವರೆಗೆ ಕಾಯುವ ಮಧ್ಯಸ್ಥನ ವೃತ್ತಿಯಲ್ಲಿ ಎಂತಹ ಸೂಕ್ಷ್ಮ ಕೌಶಲವಡಗಿದೆಯೆಂಬುದು, ಲಿಂಗರಾಜಪುರದ ಮೇಲ್ಸೇತುವೆಯ ಸಮೀಪದ ಮಹಡಿಕೋಣೆಯೊಂದರಲ್ಲಿ ಆ ಕೆಲಸಕ್ಕೆ ಅಣಿಯಾಗುತ್ತಿರುವ ಮಿತ್ರರೊಬ್ಬರ ಬಳಿ ಕುಳಿತು ನೋಡಿದಾಗ ನನಗೆ ಮನವರಿಕೆಯಾಯಿತು. ಎಸ್ಕ್ರೋ ಎಂದು ವ್ಯವಹಾರಸ್ಥರು ಕರೆಯುವ ಈ ಏರ್ಪಾಡಿನ ಸೊಬಗೆಲ್ಲ ಇರುವುದು ಮೂರು ಕೀಲಿಗಳಲ್ಲಿ: ಮಾರುವವನಿಗೊಂದು, ಕೊಳ್ಳುವವನಿಗೊಂದು, ಮಧ್ಯಸ್ಥನಿಗೊಂದು, ಯಾವ ಎರಡು ಕೂಡಿದರೂ ನಿಧಿ ತೆರೆಯುವುದು, ಒಂದರಿಂದಲೇ ಕದಲದು. ಆದುದರಿಂದ ವಿವಾದವಿಲ್ಲದ ವ್ಯಾಪಾರದಲ್ಲಿ ಮಧ್ಯಸ್ಥನ ಕೀಲಿಗೆ ಕೆಲಸವೇ ಇಲ್ಲ. ಅವನು ದುರಾಸೆಗೆ ಬಿದ್ದರೂ ಒಬ್ಬಂಟಿಯಾಗಿ ಒಂದು ಸತೋಶಿಯನ್ನೂ, ಎಂದರೆ ಬಿಟ್‌ಕಾಯಿನ್ನಿನ 10 ಕೋಟಿಯಲ್ಲೊಂದು ಪಾಲನ್ನೂ, ಅಪಹರಿಸಲಾರನು.

ಮಿತ್ರರ ಕೈಯ ಶಿಸ್ತು ನೋಡತಕ್ಕದ್ದು. ಕೀಲಿಯನ್ನು ಕಾಪಿಡುವ ಹಾರ್ಡ್‌ವೇರ್ ವ್ಯಾಲೆಟ್ಟಿನ ಕಿರುಪರದೆಯ ಮೇಲೆ ಮೂಡಿದ ವಿಳಾಸವನ್ನು, ಅಕ್ಕಸಾಲಿಗನು ಒರೆಗಲ್ಲಿನ ಗೆರೆಯನ್ನು ನಿರುಕಿಸುವಂತೆ, ಅಕ್ಷರ ಅಕ್ಷರವಾಗಿ ಲ್ಯಾಪ್‌ಟಾಪಿನೊಡನೆ ತಾಳೆ ನೋಡುವರು. ಕೀಲಿಯನ್ನು ಮರಳಿ ಪಡೆಯಲು ಬೇಕಾದ 24 ಸೀಡ್ ಪದಗಳನ್ನು ಫೋನಿನ ಕ್ಯಾಮೆರಾಕ್ಕೆ ಕಾಣದಂತೆ ಪೆನ್ಸಿಲಿನಿಂದ ಕಾಗದಕ್ಕಿಳಿಸುವರು. ಮೊದಲು ಅಲ್ಪ ಮೊತ್ತವನ್ನು ಕಳುಹಿಸಿ, 6 ಬ್ಲಾಕುಗಳ ದೃಢೀಕರಣಕ್ಕಾಗಿ ಸುಮಾರು ಒಂದು ಗಂಟೆ ಅವಸರಪಡದೆ ಕಾದಿರುವರು.

ಬಿಟ್‌ಕಾಯಿನ್ನಿನಂತಹ ಸ್ವತ್ತುಗಳ ವ್ಯವಹಾರವೂ ರಕ್ಷಣೆಯೂ 2023ರ ಮಾರ್ಚಿನಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದುದರಿಂದ, ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ, ಕಕ್ಷಿಗಳ ಗುರುತಿನ ಪರಿಶೀಲನೆ, ಲೆಕ್ಕದ ಕಡತ ಇವೆಲ್ಲವೂ ಈ ಕಲೆಯ ಅಂಗಗಳೇ ಆಗಿವೆ. ಅವು ಪೂರೈಸುವ ತನಕ ಅನ್ಯರ ಕಾಸನ್ನು ಮುಟ್ಟೆನೆಂಬುದು ಮಿತ್ರರ ನಿಯಮ. ತನ್ನ ಅಧಿಕಾರವನ್ನು ತಾನೇ ಮೂರರಲ್ಲೊಂದಕ್ಕೆ ಇಳಿಸಿಕೊಂಡು, ಆ ಮೂಲಕವೇ ವಿಶ್ವಾಸವನ್ನು ಸಂಪಾದಿಸುವ ವೃತ್ತಿ ಲೋಕದಲ್ಲಿ ವಿರಳ. ಅದರ ಗೌರವವೂ ಅಷ್ಟೇ ಹಿರಿದು.