ಹಳೆಯ ಪ್ಲಾನರ್, ಹೊಸ ಸೆನ್ಸರ್

ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾಗಳಿಗೆಂದು ಜರ್ಮನಿಯ ಝೈಸ್ ಮಾಡಿಕೊಟ್ಟ 80 ಮಿ.ಮೀ. ಪ್ಲಾನರ್ ಲೆನ್ಸ್ ಫಿಲ್ಮ್ ಕಾಲದ ಅಪ್ಪಟ ಕುಸುರಿ. ಅಡಾಪ್ಟರ್ ಒಂದಿದ್ದರೆ ಇಂದಿನ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ ಕ್ಯಾಮೆರಾದಲ್ಲೂ ಅದು ಸಲೀಸಾಗಿ ಕೂರುತ್ತದೆ. ಹಳೆಯ ಕ್ಯಾಮೆರಾದೊಳಗೆ ಕನ್ನಡಿಗೆ ಬೇಕಿದ್ದ ಜಾಗವನ್ನು ಈಗ ಅಡಾಪ್ಟರ್ ತುಂಬುತ್ತದೆ. 56 ಮಿ.ಮೀ. ಚೌಕದ ಫಿಲ್ಮನ್ನು ಆವರಿಸುತ್ತಿದ್ದ ಬಿಂಬದಲ್ಲಿ, ಸುಮಾರು 44×33 ಮಿ.ಮೀ. ಸೆನ್ಸರ್ ನಡುಭಾಗವನ್ನಷ್ಟೇ ತೆಗೆದುಕೊಳ್ಳುತ್ತದೆ. ಲೆನ್ಸಿನ ಕೆಲಸ ಅತ್ಯಂತ ಚೊಕ್ಕವಾಗಿರುವುದೂ ಅಲ್ಲಿಯೇ. ಆಟೋಫೋಕಸ್ ಇಲ್ಲ, ಫೋಕಸ್, ಅಪರ್ಚರ್ ಎರಡನ್ನೂ ಬೆರಳುಗಳೇ ತಿರುಗಿಸಬೇಕು. ಮುಖಚಿತ್ರ ತೆಗೆಯುವವರಿಗೆ ಈ ನಿಧಾನವೇ ವರ. ಕೆನ್ನೆಯ ಬೆಳಕು ನೆರಳಿಗೆ ಮೆಲ್ಲಗೆ ಇಳಿಯುವ ಪರಿ ನನಗಂತೂ ಬಲು ಇಷ್ಟ. ನಿಮ್ಮ ಕಪಾಟಿನಲ್ಲೂ ಇಂಥ ಲೆನ್ಸ್ ಇದ್ದರೆ ಮಾರುವ ಮುನ್ನ ಹೊಸ ಕ್ಯಾಮೆರಾಗೆ ಒಮ್ಮೆ ಹಾಕಿ ನೋಡಿ.