ನವಿಲಿನಂತಿಲ್ಲದ ನವಿಲು

ಕಸೂತಿಯ ಮಾತು ಬಂದಾಗಲೆಲ್ಲ ತಪ್ಪದೆ ಕೇಳಿಬರುವ ತೀರ್ಪೊಂದಿದೆ: ಕೈಚಳಕ ಒಪ್ಪತಕ್ಕದ್ದೇ, ಆದರೆ ಅದರಲ್ಲಿ ನಿಸರ್ಗವಿಲ್ಲ, ಗೋಪುರ, ತೇರು, ಅಂಬಾರಿ ಆನೆಗಳ ನಡುವೆ ಸಿಕ್ಕ ಗಿಳಿ-ನವಿಲುಗಳೂ ಮೆಟ್ಟಿಲು ಮೆಟ್ಟಿಲಾಗಿ ಕಲ್ಲುಗಟ್ಟಿವೆ, ಎಲೆಯ ನರವನ್ನೂ ಹೂವಿನ ನೆರಳನ್ನೂ ದಾರದಲ್ಲಿ ತೀಡುವ ಇಂದಿನ ಜವಳಿ ಕಲಾವಿದರೇ ನಿಸರ್ಗವನ್ನು ಕಂಡವರು. ಕೇಳಿ ಕೇಳಿ ಸಾಕಾಗಿದೆ. ನವಿಲುತೀರ್ಥವನ್ನು ಮಗ್ಗುಲಲ್ಲಿಟ್ಟುಕೊಂಡ ಸವದತ್ತಿಯ, ಎರಿಹೊಲದ ಹತ್ತಿ ಕಂಡ ಬೈಲಹೊಂಗಲ-ಕಿತ್ತೂರಿನ, ಮಗ್ಗದ ಸದ್ದಿನ ರಾಮದುರ್ಗ-ಸುರೇಬಾನದ ಹೆಂಗಸರು ಕಣ್ಣು ಮುಚ್ಚಿಕೊಂಡು ಸೂಜಿ ಹಿಡಿದರು ಎನ್ನಲು ಭಾರಿ ಎದೆಗಾರಿಕೆ ಬೇಕು.

ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಒಂದೇ ಒಂದು ಗವಂತಿ ಹೊಲಿಗೆಯ ನವಿಲನ್ನು ನೋಡೋಣ. ಬಟ್ಟೆಯ ಮೇಲೆ ಗೆರೆ ಎಳೆದಿಲ್ಲ, ಅಚ್ಚು ಒತ್ತಿಲ್ಲ. ಹಾಸು-ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಇಳಿಯಬೇಕು. ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ, ತಿರುಗಿ ಬರುವಾಗ ಬಿಟ್ಟದ್ದೆಲ್ಲ ಭರ್ತಿ. ಗಂಟು ಹಾಕುವಂತಿಲ್ಲ, ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು. ಎಂದರೆ ಜುಟ್ಟು, ಕೊರಳು, ಬಾಲದ ಕವಲುಗಳಲ್ಲೆಲ್ಲ ಸುತ್ತಿ ಹೊರಟಲ್ಲಿಗೇ ಮರಳುವ ದಾರಿ ಮೊದಲ ಚುಚ್ಚಿಗೇ ತಲೆಯಲ್ಲಿ ತಯಾರಾಗಿರಬೇಕು. ಎಳೆಗಳ ಚೌಕದೊಳಗೆ ಕೊರಳು ಸಲೀಸಾಗಿ ಬಾಗದು. ಎಲ್ಲಿ ಮುರಿದರೆ, ಎಷ್ಟಕ್ಕೆ ನಿಲ್ಲಿಸಿದರೆ ಅದು ಕೋಳಿಯಾಗದೆ ನವಿಲಾಗಿ ಉಳಿದೀತು? ಬೆರಳೆಣಿಕೆಯ ಹೊಲಿಗೆಯಲ್ಲಿ ಇದನ್ನು ತೀರ್ಮಾನಿಸಿದವಳು ನವಿಲನ್ನೂ ಬಲ್ಲಳು, ಹತ್ತಿಯ ನೂಲನ್ನೂ ಬಲ್ಲಳು. ಎರಡನೆಯದೂ ನಿಸರ್ಗವೇ ಎಂಬುದು ನಮ್ಮ ಪಂಡಿತರಿಗೆ ಹೊಳೆಯುವುದೇ ಇಲ್ಲ.

ಆ ನವಿಲು ತಾಯಿಯಿಂದ ಮಗಳಿಗೆ ಬಂದ ಮಾದರಿ, ಅವಳು ಕಂಡ ಹಕ್ಕಿಯಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಹಾಗಾದರೆ ಗುರುವಿನಿಂದ ಮಲ್ಹಾರದ ಚೀಜು ಕಲಿತ ಧಾರವಾಡದ ಗವಾಯಿಗೆ ಮಳೆಯೇ ಗೊತ್ತಿಲ್ಲ ಎನ್ನಬೇಕಾದೀತು. ಇಳಕಲ್ ಸೀರೆಯ ಸೆರಗಿನಲ್ಲಿ ಜೋಳದ ತೆನೆ ಕೆಂಪು-ಬಿಳಿಯ ಹಲ್ಲುಗಳಾಗಿ ನಿಂತಿದೆ. ಅದನ್ನು ನೇಯ್ದವರಿಗೂ ಉಟ್ಟವರಿಗೂ ಜೋಳದ ಹೊಲವನ್ನು ಬಿಡಿಸಿ ತೋರಿಸುವ ಅಗತ್ಯವಿರಲಿಲ್ಲ. ವಿಲಾಯಿತಿ ಪ್ರಮಾಣವೇ ಬೇಕೆನ್ನುವವರಿಗೆ ಓವೆನ್ ಜೋನ್ಸ್ ಇದ್ದಾನೆ. ಅಲಂಕಾರಕ್ಕೆ ರೇಖಾಗಣಿತವೇ ತಳಹದಿ, ಹೂವನ್ನು ಇದ್ದಹಾಗೇ ಇಳಿಸಬಾರದು ಎಂದು ಅವನು 1856ರಲ್ಲೇ ಬರೆದ. ಅವನು ಹೇಳಿದರೆ ಸಿದ್ಧಾಂತ, ನಮ್ಮ ಅಜ್ಜಿ ಮಾಡಿದರೆ ಜಡತೆ!

ನನ್ನ ಪಕ್ಷಪಾತ ಮುಚ್ಚಿಡಲಾರೆ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ, ಮುರಗಿ ನನಗೆ ಪ್ರಿಯ, ನೇಯ್ಗಿಯನ್ನು ಗೌರವಿಸುತ್ತೇನೆ, ಒಂದರ ಮೇಲೊಂದು ದಾರ ದಾಟಿಸಿ ಬಟ್ಟೆಯನ್ನೇ ಮುಚ್ಚಿಬಿಡುವ ಮೆಂತೆ ನನಗೆ ಒಗ್ಗದು. ಮೆಂತೆಯಲ್ಲೂ ಒಳ್ಳೆಯ ಆನೆಗಳಿವೆ ಎಂದು ಬಲ್ಲವರು ಹೇಳುತ್ತಾರೆ, ಇರಲಿ. ಬಟ್ಟೆಗೆ ಉಸಿರಾಡಲು ಬಿಡದ ಕೆಲಸ ನನ್ನ ಮಟ್ಟಿಗೆ ಎರಡನೆಯ ದರ್ಜೆಯದು. ಇದೇ ಅಳತೆಗೋಲಿನಿಂದ ನೋಡಿದರೆ, ಹಳೆಯ ಸೀರೆ-ಧೋತರದ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಸಾದಾ ಓಟದ ಹೊಲಿಗೆ ಹಾಕಿದ ಕೌದಿ ಅನೇಕ ಪ್ರದರ್ಶನದ ಗೋಡೆಗಳಿಗಿಂತ ಮೇಲು. ಯಾವ ತುಂಡಿನ ಪಕ್ಕ ಯಾವ ಬಣ್ಣ ಎಂಬಲ್ಲಿ ಅದರ ವಿವೇಕವಿದೆ.

ಜಗಳ ಅಸಲಿಗೆ ಹೂವು-ಹಕ್ಕಿಯದಲ್ಲ, ನಮ್ಮ ನೋಟದ್ದು. ಕಣ್ಣಿಗೆ ಹೊಡೆಯುವಂತೆ ಹೋಲಿಕೆ ಇದ್ದರಷ್ಟೇ ಕಲೆ ಎನ್ನುವುದು ಕ್ಯಾಲೆಂಡರ್ ಚಿತ್ರಗಳು ಬೆಳೆಸಿದ ರುಚಿ. ಅದೇ ರುಚಿಯವರು ಯಂತ್ರ ಹೊಲಿದ ನವಿಲನ್ನು ಕಸೂತಿಯೆಂದೇ ಖರೀದಿಸುತ್ತಾರೆ, ಸೆರಗು ಮಗುಚಿ ನೋಡುವುದಿಲ್ಲ; ನೋಡಿದ್ದರೆ ಹಿಂಬದಿಯ ದಾರದ ಸಿಕ್ಕೇ ಗುಟ್ಟು ಬಿಡುತ್ತಿತ್ತು. ಭೌಗೋಳಿಕ ಸೂಚಕದ ಮುದ್ರೆ ಬಂದಿದೆ, ಸೀಮೆಗೆ ಹೆಸರೂ ಸಿಕ್ಕಿದೆ. ಆದರೆ ಹೊಲಿದವಳ ಹೆಸರು ಕೇಳದ ಕೊಳ್ಳುಗ, ಎಲೆಯ ಚಿತ್ರ ತೀಡಿದವರ ಸಹಿಗೆ ಮಾತ್ರ ಚೌಕಾಸಿಯಿಲ್ಲದೆ ದುಡ್ಡು ಎಣಿಸುತ್ತಾನೆ.