ಕಲಕಿದ ನೀರು: ‘ಡಾರ್ವಿನ್ಸ್ ಡ್ರೀಮ್‌ಪಾಂಡ್’ – ಒಂದು ಮರುಓದು

ವಿಜ್ಞಾನದ ಪುಸ್ತಕಕ್ಕೆ ಸಾಹಿತ್ಯ ಕೂಟದ ಪತ್ರಿಕೆಯಲ್ಲಿ ಏನು ಕೆಲಸ ಎಂದು ಕೇಳುವ ಮಿತ್ರರಿದ್ದಾರೆ. ‘ಕರ್ವಾಲೊ’ ಓದಿದ ಕನ್ನಡಿಗರು ಕೇಳಬೇಕಾದ ಪ್ರಶ್ನೆಯಲ್ಲ ಅದು. ತೇಜಸ್ವಿ ನಮ್ಮನ್ನು ಹಾರುವ ಓತಿಯ ಹಿಂದೆ ಕಾಡು ಸುತ್ತಿಸಿದರು. ಡಚ್ ಜೀವವಿಜ್ಞಾನಿ ಟೈಸ್ ಗೋಲ್ಡ್‌ಶ್ಮಿಟ್ ಅಂಗೈಯಗಲದ ಮೀನುಗಳ ಹಿಂದೆ ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ ಕರೆದೊಯ್ಯುತ್ತಾರೆ. 1994ರಲ್ಲಿ ಡಚ್ ಭಾಷೆಯಲ್ಲಿ ಬಂದು, 1996ರಲ್ಲಿ ಇಂಗ್ಲಿಷಿಗೆ ಅನುವಾದಗೊಂಡ ಈ ಪುಸ್ತಕ ಈಗಲೂ ತಾನಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಆ ಮೀನುಗಳ ವಂಶವಾಹಿಗಳ ಬಗ್ಗೆ ಆಮೇಲೆ ತಿಳಿದುಬಂದದ್ದನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ, ಕಥೆ ಕಟ್ಟಿದ ರೀತಿಯಲ್ಲೇ ಒಂದು ಬಿರುಕು ಕಾಣುತ್ತದೆ.

1980ರ ದಶಕದಲ್ಲಿ ಲೈಡನ್ ವಿಶ್ವವಿದ್ಯಾಲಯದ ತಂಡದೊಂದಿಗೆ ಗೋಲ್ಡ್‌ಶ್ಮಿಟ್ ತಾಂಜಾನಿಯದ ಮ್ವಾಂಜಾ ಊರಿನಲ್ಲಿದ್ದರು. ಅಲ್ಲಿನವರು ‘ಫುರು’ ಎಂದು ಕರೆಯುವ ಸಿಕ್ಲಿಡ್ ಮೀನುಗಳು ಅವರ ಅಧ್ಯಯನದ ವಸ್ತು. ಒಂದೇ ಸರೋವರದಲ್ಲಿ, ಒಂದೇ ಬಳಗಕ್ಕೆ ಸೇರಿದ ಸುಮಾರು 500 ಪ್ರಭೇದಗಳು! ಬಸವನಹುಳುವಿನ ಚಿಪ್ಪು ಒಡೆಯುವುದು ಒಂದು, ಬಂಡೆಯ ಪಾಚಿ ಕೆರೆಯುವುದು ಇನ್ನೊಂದು. ತಾಯಿಮೀನು ಮರಿಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುತ್ತದೆ. ಆ ಬಾಯಿಂದಲೇ ಮರಿಗಳನ್ನು ಕಸಿದು ತಿಂದು ಬದುಕುವ ಜಾತಿಯೂ ಉಂಟು. ಇದನ್ನೆಲ್ಲ ಗೋಲ್ಡ್‌ಶ್ಮಿಟ್ ಪಂಡಿತರ ಧಾಟಿಯಲ್ಲಿ ಹೇಳುವುದಿಲ್ಲ. ಬಲೆ, ದೋಣಿ, ಕೆಲಸದ ಬೇಸರಗಳ ನಡುವೆ ಡಾರ್ವಿನ್ನನ ಸಿದ್ಧಾಂತ ಸಹಜವಾಗಿ ಬಂದು ಕೂರುತ್ತದೆ. ವಿಜ್ಞಾನ ಬರೆಯುವ ನಮ್ಮವರು ಕಲಿಯಬೇಕಾದದ್ದು ಈ ಹದವನ್ನು.

ಅಷ್ಟರಲ್ಲಿ ನೈಲ್ ಪರ್ಚ್ ಬರುತ್ತದೆ. 1950ರ ದಶಕದಲ್ಲಿ ಹೊರಗಿನಿಂದ ತಂದು ಬಿಟ್ಟ, ಆಳುದ್ದ ಬೆಳೆಯಬಲ್ಲ ಈ ಬೇಟೆಗಾರ ಮೀನು 1980ರ ದಶಕದಲ್ಲಿ ಸರೋವರವನ್ನೇ ತುಂಬಿಕೊಂಡಿತು. ಫುರು ಸಿಗುತ್ತಿದ್ದ ಬಲೆಗಳು ಬರಿದಾದವು. ಸುಮಾರು 200 ಪ್ರಭೇದಗಳು ಅಳಿದವೆಂದು ವಿಜ್ಞಾನಿಗಳು ಅಂದಾಜು ಮಾಡಿದರು. ಎಷ್ಟೋ ಮೀನುಗಳು ವೈಜ್ಞಾನಿಕ ಹೆಸರು ಸಿಗುವ ಮೊದಲೇ ಹೋದವು. ಪುಸ್ತಕದ ಶಕ್ತಿ ಇರುವುದು ಇಲ್ಲಿ: ಪಟ್ಟಿ ಮಾಡಲು ಹೋದವನ ಕಣ್ಣೆದುರೇ ಪಟ್ಟಿ ಅಳಿಸಿಹೋಗುತ್ತದೆ.

ನನ್ನ ತಕರಾರು ಇರುವುದೂ ಇಲ್ಲಿಯೇ. ಪುಸ್ತಕದ ಉಪಶೀರ್ಷಿಕೆಯಲ್ಲಿ ‘ಡ್ರಾಮಾ’ ಎಂಬ ಮಾತಿದೆ. ನಾಟಕವೆಂದ ಮೇಲೆ ಒಬ್ಬ ಖಳ ಬೇಕು, ಒಂದು ಕೊಲೆ ಬೇಕು. ಪರ್ಚ್ ಆ ಪಾತ್ರಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಕೊಲೆಯೇ ಇಲ್ಲದೆ ಒಂದು ಪ್ರಭೇದ ಇಲ್ಲವಾಗಬಹುದು ಎಂದು ಇದೇ ಸರೋವರ ತೋರಿಸಿಕೊಟ್ಟಿತು.

ಪುಂಡಮಿಲಿಯ ಎಂಬ ಕುಲವನ್ನು ನೋಡಿ. ಸ್ವಾಹಿಲಿಯಲ್ಲಿ ಈ ಮಾತಿಗೆ ಜೀಬ್ರಾ ಎಂದರ್ಥ. ಇದರಲ್ಲಿ ಎರಡು ಹತ್ತಿರದ ದಾಯಾದಿಗಳು. ಒಂದರ ಗಂಡು ನೀಲಿ, ದಡದ ತೆಳುನೀರಿನದು. ಇನ್ನೊಂದರ ಗಂಡು ಕೆಂಪು, ಸ್ವಲ್ಪ ಆಳದ್ದು. ಅದಕ್ಕೆ ತಾಂಜಾನಿಯದ ಮೊದಲ ಅಧ್ಯಕ್ಷ ನ್ಯೆರೆರೆಯವರ ಹೆಸರಿಟ್ಟಿದ್ದಾರೆ. ಆ ನೀರಿನಲ್ಲಿ ಕೆಳಗೆ ಹೋದಂತೆ ನೀಲಿ ಬೆಳಕು ಬೇಗ ಸೋಸಿಹೋಗಿ ಕೆಂಪು ಉಳಿಯುತ್ತದೆ. ಕಣ್ಣಿನಲ್ಲಿ ಕೆಂಪು ಗ್ರಹಿಸುವ ಆಪ್ಸಿನ್ ಎಂಬ ಪ್ರೋಟೀನಿನ ಜೀನು ಈ ಎರಡರಲ್ಲಿ ಬೇರೆ ಬೇರೆ ರೂಪದಲ್ಲಿದೆ ಎಂದು ಓಲೆ ಸೀಹಾಸನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಆಳಕ್ಕೆ ತಕ್ಕ ಕಣ್ಣು, ಕಣ್ಣಿಗೆ ತಕ್ಕ ಗಂಡು. ಎರಡು ಪ್ರಭೇದಗಳ ನಡುವಿನ ಗೋಡೆಯೆಂದರೆ ಬಹುಪಾಲು ಇಷ್ಟೇ.

ಹೊಲಗಳ ಮಣ್ಣು, ಗೊಬ್ಬರ, ಊರಿನ ಕೊಳಚೆ ಹರಿದುಬಂದು ಪಾಚಿ ಹೆಚ್ಚಿ ನೀರು ಕಲಕಿದರೆ? ಬಣ್ಣ ಕಾಣುವುದಿಲ್ಲ, ಆಯ್ಕೆ ತಪ್ಪುತ್ತದೆ, ಎರಡೂ ಬೆರೆತು ಒಂದಾಗುತ್ತವೆ. ಮೀನುಗಳೇನೋ ಈಜುತ್ತಲೇ ಇರುತ್ತವೆ, ಪ್ರಭೇದಗಳು ಮಾತ್ರ ಇರುವುದಿಲ್ಲ. ಕಲಕು ನೀರಿನಿಂದ ಆಗುವ ಈ ನಷ್ಟವನ್ನು ಸೀಹಾಸನ್ ತಂಡ 1997ರಲ್ಲೇ ಬರೆದಿತ್ತು, ಅಂದರೆ ಡಚ್ ಆವೃತ್ತಿ ಬಂದ ಮೂರು ವರ್ಷಕ್ಕೆ. ಈ ಸಾವಿಗೆ ನಾಟಕದಲ್ಲಿ ಜಾಗವಿಲ್ಲ. ಇಲ್ಲಿ ಖಳನಿಲ್ಲ, ಹೆಣವೂ ಇಲ್ಲ.

ಇನ್ನೊಂದು ಮಾತು. ಸುಮಾರು 15,000 ವರ್ಷಗಳ ಹಿಂದೆ ಈ ಸರೋವರ ಒಣಗಿತ್ತು. ಇಷ್ಟು ಕಡಿಮೆ ಕಾಲದಲ್ಲಿ 500 ಪ್ರಭೇದಗಳು ಹುಟ್ಟಿದ್ದು ಹೇಗೆ? 2017ರಲ್ಲಿ ಯೋನಾ ಮೈಯರ್ ಮತ್ತು ಸಂಗಡಿಗರು ಉತ್ತರ ಕೊಟ್ಟರು: ಬಹಳ ಹಿಂದೆ ಬೇರೆ ಬೇರೆ ನದಿಗಳ ಎರಡು ವಂಶಗಳು ಬೆರೆತಿದ್ದವು. ಆ ಬೆರಕೆಯಿಂದ ಬಂದ ಜೀನುಗಳ ರಾಶಿಯನ್ನೇ ಹೊಸ ಹೊಸ ರೀತಿಯಲ್ಲಿ ಹಂಚಿಕೊಂಡು ಪ್ರಭೇದಗಳು ಕವಲೊಡೆದವು. ಕಣ್ಣಿನ ಆ ಜೀನಿನ ಎರಡು ರೂಪಗಳೂ ಹೀಗೆ ಬಂದವೇ.

ಹಾಗಾದರೆ ಬೆರಕೆ ಕಟ್ಟುವುದೋ ಕೆಡಿಸುವುದೋ? ಎರಡೂ ಹೌದು. ಬೆರೆತದ್ದನ್ನು ಮತ್ತೆ ವಿಂಗಡಿಸುವಂಥ ತಿಳಿನೀರು, ಬಗೆಬಗೆಯ ಬೆಳಕು, ಬಗೆಬಗೆಯ ತಾಣ ಇದ್ದಾಗ ಅದು ಕಟ್ಟುತ್ತದೆ. ಅವು ಹೋದಾಗ ಎಲ್ಲವನ್ನೂ ಒಂದೇ ಮಾಡಿಬಿಡುತ್ತದೆ. ಪರದೇಶದಲ್ಲಿರುವ ನಮಗೆ ಇದನ್ನು ನಮ್ಮ ಕಥೆಗೆ ಹೋಲಿಸಿಕೊಳ್ಳುವ ಆಸೆಯಾಗುತ್ತದೆ. ಬೇಡ. ಮೀನು ಮೀನಾಗಿಯೇ ಇರಲಿ.

1994ರಲ್ಲಿ ಬರೆದವರು 2017ರದ್ದನ್ನು ಹೇಳಲಿಲ್ಲ ಎಂದು ದೂರುವುದು ಅನ್ಯಾಯ. ನನ್ನ ಆಕ್ಷೇಪ ಮಾಹಿತಿಯ ಬಗ್ಗೆ ಅಲ್ಲ, ಕಥೆಯ ಆಕಾರದ ಬಗ್ಗೆ. ಖಳನನ್ನು ತೋರಿಸುವ ಕಥೆ ಓದುಗನಿಗೆ ಸಿಟ್ಟನ್ನೂ ಕಣ್ಣೀರನ್ನೂ ಕೊಡುತ್ತದೆ, ಜೊತೆಗೆ ಒಂದು ಬಿಡುಗಡೆಯನ್ನೂ: ತಪ್ಪು ಆ ಮೀನಿನದು, ಅದನ್ನು ತಂದು ಬಿಟ್ಟವರದು. ಪ್ರತಿ ಮಳೆಗೂ ದಡದ ಮಣ್ಣು ಜಾರಿ ನೀರು ಕಲಕುವ ಕಥೆಯಲ್ಲಿ ಅಂಥ ಬಿಡುಗಡೆ ಸಿಗುವುದಿಲ್ಲ. ಅದನ್ನು ಇಷ್ಟೇ ಸೊಗಸಾಗಿ ಬರೆಯುವುದು ಕಷ್ಟದ ಕೆಲಸ, ಆದರೆ ಬರೆಯಬೇಕಾದದ್ದು ಅದನ್ನೇ.

ಅಲ್ಲಿಯವರೆಗೆ ಗೋಲ್ಡ್‌ಶ್ಮಿಟ್ಟರನ್ನು ಓದಿ. ಬಲೆ ಬರಿದಾಗುವ ಭಾಗಕ್ಕೆ ಬಂದಾಗ ಒಂದು ಕ್ಷಣ ನಿಂತು, ಪರ್ಚನ್ನು ಮರೆತು, ನೀರಿನ ಬಣ್ಣ ಹೇಗಿದ್ದೀತೆಂದು ಯೋಚಿಸಿ.